ಸೋಪ್ ಅಂದರೆ ಸೋಪಲ್ಲ

ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನೇ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕೊಟ್ಟೂರಿನ ನಮ್ಮ ಮನೆಯಲ್ಲಿ, ಮುಖ ತೊಳೆಯುವ ಗ್ರೀನ್ ಟೀ ಸೋಪನ್ನು ಕೈಯಾರೆ ತಯಾರಿಸಿ ಮಾರುತ್ತಿದ್ದೆ. ಎಣ್ಣೆಯಿಂದ ಹಿಡಿದು ಸೋಸಿದ ಟೀವರೆಗೆ ಎಲ್ಲವನ್ನೂ ತೂಗಿಯೇ ಹಾಕುವುದು, ಸ್ಕೇಲ್ ಇಟ್ಟು ಕತ್ತರಿಸುವುದು, ವಾರಗಟ್ಟಲೆ ಒಣಗಿಸುವುದು. ತಪ್ಪು ಹುಡುಕಲು ಜಾಗವಿರಲಿಲ್ಲ, ಹೆಸರೊಂದನ್ನು ಬಿಟ್ಟು.

೧. ಬೋರ್ಡು

ನಮ್ಮ ಕಡೆ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಬಡೇಸೋಪಿಗೆ ‘ಸೋಪು’ ಎನ್ನುತ್ತಾರೆ. ಮೈಗೆ ಹಚ್ಚುವುದು ‘ಸಾಬಾನ’.

“ಬೋರ್ಡಿನ ಮ್ಯಾಲೆ ಸಾಬಾನ ಅಂತ ಬರಸವಾ,” ಎಂದರು ಅತ್ತೆ.

ಸಾಧ್ಯವೇ ಇರಲಿಲ್ಲ. ‘ಸೋಪ್’ ಎನ್ನುವಾಗ ತುಟಿ ಎಷ್ಟು ದುಂಡಗಾಗಬೇಕೆಂದು ಕಾನ್ವೆಂಟಿನ ಸಿಸ್ಟರ್ ಕನ್ನಡಿ ಹಿಡಿದು ಕಲಿಸಿದ್ದರು. ಬೋರ್ಡಿನಲ್ಲಿ ‘ಗ್ರೀನ್ ಟೀ ಸೋಪ್’ ಎಂದೇ ಬರೆಸಿದೆ.

ಮರುದಿನ ಹರಪನಹಳ್ಳಿ ಬಸ್ಸಿಳಿದ ಇಬ್ಬರು ನಮ್ಮ ಕಟ್ಟೆಯ ಮೇಲೆ ಕೂತರು. “ಅಕ್ಕಾರ, ಎರಡು ಟೀ ಕೊಡ್ರಿ. ಸೋಪು ಆಮ್ಯಾಲೆ.”

“ಇದು ಹೋಟೆಲ್ ಅಲ್ಲ. ಮುಖಕ್ಕೆ ಹಚ್ಚುವ ಸೋಪ್.”

ಇಬ್ಬರೂ ಮುಖ ಮುಖ ನೋಡಿಕೊಂಡರು. “ಅಕ್ಕಾರ, ನಿಮ್ಮ ಮನ್ಯಾಗ ಊಟ ಎಲ್ಲಿಗೆ ಹಚ್ಚತಾರ್ರಿ?”

೨. ಎದುರುಮನೆಯಾಕೆ

ಎದುರುಮನೆಯಾಕೆ ಮೊದಲ ಗಿರಾಕಿ. ವಾರ ಕಳೆದ ಮೇಲೆ ಬಂದಳು.

“ಮುಖ ಬೆಳ್ಳಗ ಆಗಲಿಲ್ಲಲ್ರಿ?”

“ಬೆಳ್ಳಗಾಗುತ್ತದೆ ಎಂದು ನಾನು ಹೇಳಿಲ್ಲ. ಸ್ವಚ್ಛವಾಗುತ್ತದೆ ಎಂದಿದ್ದೆ.”

“ಅಂದ್ರ ಮೊದ್ಲು ಹೊಲಸಿತ್ತೇನ್ರಿ?”

ಮಾತು ಬಿಟ್ಟಳು. ಮಗಳ ಮದುವೆ ಗೊತ್ತಾದ ಮೇಲೆ ತಾನೇ ಬಂದಳು: “ಹಡಗಲಿ ಬೀಗರು ಭಾಳ ನಾಜೂಕು. ಮುಖ ತೊಳಿಯಾಕ ನಿಮ್ದ ಇಡೋಣು. ನನ್ನ ಮರ್ಯಾದಿ ನಿಮ್ಮ ಕೈಯಾಗ ಐತಿ ನೋಡ್ರಿ.”

ಆಕೆಯದಷ್ಟೇ ಅಲ್ಲ, ನನ್ನದೂ. ಈ ಮದುವೆಯಲ್ಲಿ ಹೆಸರು ಕೆಟ್ಟರೆ ನನ್ನ ಸೋಪಿನ ಅಚ್ಚುಗಳಿಗೆಲ್ಲ ಅಟ್ಟವೇ ಗತಿ ಎಂದು ಅತ್ತೆ ಮೊದಲೇ ಸಾರಿದ್ದರು.

೩. ಬೀಗರ ಊಟ

ಬೀಗರಿಗೆಂದು ಪುಟ್ಟ ಪುಟ್ಟ ಚೌಕ ಕತ್ತರಿಸಿ, ಡಬ್ಬದ ಮೇಲೆ ‘ಸೋಪ್’ ಎಂದು ದುಂಡಗೆ ಬರೆದು ಕಳಿಸಿದೆ. ಉಗ್ರಾಣದವನು ಅದನ್ನು ಓದಿ, ಊಟವಾದ ಮೇಲೆ ಎಲೆಅಡಿಕೆಯ ತಟ್ಟೆಯಲ್ಲಿ ಹರಡಿಬಿಟ್ಟ.

ನಾನು ನೋಡುವಷ್ಟರಲ್ಲಿ ವರನ ತಂದೆ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರು.

“ಸೋಪ್! ಅದು ಸೋಪ್!” ಎಂದು ಓಡಿದೆ.

“ಗೊತ್ತೈತ್ರಿ, ಸೋಪು,” ಎಂದು ಮರ್ಯಾದೆಯಿಂದ ಅಗಿಯುತ್ತಲೇ ಇದ್ದರು. “ಸ್ವಲ್ಪ ಒಗರೈತಿ.” ಮೀಸೆಯಂಚಿನಲ್ಲಿ ನೊರೆ ಕಾಣಿಸಿತು.

ಇನ್ನು ದಾರಿಯಿರಲಿಲ್ಲ. “ಸಾಬಾನ್ರೀ! ಸಾಬಾನ! ಉಗುಳ್ರೀ!” ಎಂದು ಛತ್ರವೇ ಬೆಚ್ಚುವಂತೆ ಕಿರುಚಿದೆ.

ವಾಲಗವೂ ನಿಂತಿತು. ಎದುರುಮನೆಯಾಕೆ ಕಂಬ ಹಿಡಿದುಕೊಂಡಳು. ಬೀಗರು ಬಾಯಿ ಮುಕ್ಕಳಿಸಿದಷ್ಟೂ ನೊರೆ. ಕೊನೆಗೆ ಮೀಸೆ ಒರೆಸಿಕೊಂಡು ಗಂಭೀರವಾಗಿ ಹೇಳಿದರು: “ಏನ ಅನ್ರಿ, ಬಾಯಿ ಸ್ವಚ್ಛ ಆತು.”

ಎದುರುಮನೆಯಾಕೆಯ ಬಾಯಿ ಸುಮ್ಮನಿದ್ದೀತೆ? “ಅಂದ್ರ ಮೊದ್ಲು ಹೊಲಸಿತ್ತೇನ್ರಿ, ಬೀಗರ?”

ಮೊದಲು ನಕ್ಕವರು ಬೀಗರೇ. ಛತ್ರ ಅವರ ಹಿಂದೆ ನಕ್ಕಿತು. ಹೊರಡುವಾಗ “ಈ ಸಲ ಮುಖಕ್ಕ ಹಚ್ಚತೀನಿ” ಎಂದು ಉಳಿದ ಚೌಕಗಳನ್ನೆಲ್ಲ ಕಟ್ಟಿಸಿಕೊಂಡು ಹೋದರು.

ನಾನು ಸೆರಗು ಸರಿಮಾಡಿಕೊಂಡು ತಲೆಯೆತ್ತಿ ನಿಂತಿದ್ದೆ. ಅತ್ತೆ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ಸಾಬಾನ ಅನ್ನಾಕ ತುಟಿ ದುಂಡಗ ಮಾಡೋದು ಬ್ಯಾಡ, ಅಗಲ ಬಾಯಿ ತೆರದ್ರ ಸಾಕು. ಭಾಳ ಚೊಲೋ ಕಲ್ತಿ ನೋಡವಾ.”