ದೋಣಿಯವರ ಹದಿನೇಳನೇ ಕಲ್ಲು

ನಗೆಪಾಟಲಿನ ಸಂಗತಿಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಸ್ನಾನ, ಸಂಧ್ಯಾವಂದನೆ ಮುಗಿಸಿ ಸುಮ್ಮನೆ ಕೂತರೂ ಅವೇ ಬಂದು ಬಾಗಿಲು ತಟ್ಟುತ್ತವೆ. ಭಗವಂತನಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಇಲ್ಲದಿದ್ದರೆ, ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೇಗೆ ವಲಸೆ ಹೋದರು ಎಂದು ತಿಳಿಯಲು ಮೈಸೂರಿನಿಂದ ಮಲೇಷ್ಯಾಕ್ಕೆ ಬಂದವನನ್ನು, ಲಿಫ್ಟಿನವರೆಗೂ ವಲಸೆ ಹೋಗಬೇಡ ಎಂದು ಪುಚೊಂಗಿನ ಹನ್ನೊಂದನೇ ಮಹಡಿಯಲ್ಲಿ ಕೂಡಿಹಾಕುತ್ತಿದ್ದನೇ?

ಕೋವಿಡ್ಡಿನ ಆ ಕಾಲದಲ್ಲಿ ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ಬಾಕಿ ಇತ್ತು. ಅದು ಮುಗಿದರೆ ಪ್ರೊಫೆಸರ್ ಸಹಿ, ಸಹಿ ಬಿದ್ದರೆ ವೀಸಾ. ಬೀಳದಿದ್ದರೆ ಗಂಟುಮೂಟೆ. ಅಧ್ಯಾಯ ನಿಂತಿದ್ದದ್ದು ಬೋರ್ನಿಯೋದ ಗುಹೆಯೊಂದರಲ್ಲಿ ಸಿಕ್ಕ ಇಪ್ಪತ್ತು ಕಲ್ಲುಗಳ ಮೇಲೆ. ಒಂದರಲ್ಲಾದರೂ ಮರದ ರಾಳದ ಕುರುಹು ಸಿಕ್ಕರೆ, ದೋಣಿಯ ಸಂದುಗಳಿಗೆ ಮೆತ್ತಲು ಅವರು ರಾಳ ಅರೆಯುತ್ತಿದ್ದರು ಎಂದು ಹೇಳಬಹುದಿತ್ತು.

೧. ಕಲ್ಲಿಗೂ ಪಾಸು

ಲ್ಯಾಬು ಮುಚ್ಚುವ ದಿನ ಪ್ರೊಫೆಸರ್, ಇಲ್ಲಿನವರ ರೂಢಿಯಂತೆ ಮಾತಿನ ಬಾಲಕ್ಕೊಂದು 'ಲಾ' ಸೇರಿಸಿ, ಹೇಳಿದರು: "ಕಲ್ಲುಗಳ ಪೆಟ್ಟಿಗೆ ಮನೆಗೆ ಒಯ್ಯಿ. ಅಳತೆ ತೆಗೆದು ರಿಜಿಸ್ಟರ್ ತುಂಬು. ಪರೀಕ್ಷೆ ಆಮೇಲೆ ನೋಡೋಣ ಲಾ."

ಲ್ಯಾಬಿರುವ ನಿಲಾಯ್‌ನಿಂದ ಬರುವಾಗ ದಾರಿಯಲ್ಲಿ ಪೊಲೀಸರ ತಡೆ. ಒಬ್ಬ ಪೊಲೀಸ್ ಕಾರಿನ ಡಿಕ್ಕಿ ತೆಗೆಸಿ, "ಅಪಾ ಇನಿ? ಏನಿದು?" ಎಂದ.

"ಕಲ್ಲು ಸಾರ್."

"ಅಗತ್ಯ ವಸ್ತು ಮಾತ್ರ ಸಾಗಿಸಬೇಕು. ಕಲ್ಲು ಅಗತ್ಯವಾ?"

"ನನಗೆ ಬಹಳ ಅಗತ್ಯ ಸಾರ್."

"ಯಾರದು?"

"ಅವರೆಲ್ಲ ತೀರಿಕೊಂಡಿದ್ದಾರೆ."

ಆತ ಎರಡು ಹೆಜ್ಜೆ ಹಿಂದೆ ಸರಿದ. "ಏನಾಗಿ? ಕೋವಿಡ್ಡಾ?"

"ಇಲ್ಲ ಸಾರ್, ಸಾವಿರಾರು ವರ್ಷ ಆಯ್ತು."

ಆತನಿಗೆ ನಂಬಿಕೆ ಬರಲಿಲ್ಲ. ಮುಚ್ಚಿದ ಪೆಟ್ಟಿಗೆಯ ಸುತ್ತ ಮೂರು ಸಲ ಸ್ಯಾನಿಟೈಜರ್ ಹೊಡೆದ. ಪ್ರದಕ್ಷಿಣೆಯೇ ಬಂದಂತಾಯಿತೆಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ವಿಶ್ವವಿದ್ಯಾಲಯದ ಪತ್ರ ಓದಿ ಗದರಿದ: "ಇದರಲ್ಲಿ ನಿನ್ನ ಹೆಸರಿದೆ, ಕಲ್ಲಿನ ಹೆಸರೆಲ್ಲಿ?"

ನಕ್ಷೆಯಿಲ್ಲದೆ, ದಿಕ್ಸೂಚಿಯಿಲ್ಲದೆ ಸಮುದ್ರ ದಾಟಿದವರ ಕಲ್ಲುಗಳು ಒಂದು ಪಾಸಿಗಾಗಿ ಮುಕ್ಕಾಲು ಗಂಟೆ ಹೆದ್ದಾರಿಯ ಬದಿಯಲ್ಲಿ ನಿಂತವು. ಆ ಕಾಲದಲ್ಲಿ ಪೊಲೀಸರು ಇರಲಿಲ್ಲವಾದ್ದರಿಂದಲೇ ವಲಸೆ ಸಾಧ್ಯವಾಯಿತು ಎಂಬ ಹೊಸ ಸಿದ್ಧಾಂತ ನನಗೆ ಹೊಳೆದದ್ದು ಅಲ್ಲೇ.

೨. ಪೆಟ್ಟಿಗೆಗೆ ಜಾಗ

ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಹೆಂಡತಿಯ ಸಾಫ್ಟ್‌ವೇರ್ ಕಂಪನಿ, ಇನ್ನೊಂದರಲ್ಲಿ ಮಗಳ ಎರಡನೇ ಕ್ಲಾಸು. ಹಾಲ್‌ನಲ್ಲಿ ಮಾವನವರು. ಒಂದು ತಿಂಗಳಿಗೆಂದು ಬಂದವರು, ವಿಮಾನ ನಿಂತು ಇಲ್ಲೇ ಉಳಿದಿದ್ದರು. ಬರುವಾಗ ದೇವರ ಪೆಟ್ಟಿಗೆಯನ್ನು, ಅಂದರೆ ತಲೆತಲಾಂತರದ ಸಾಲಿಗ್ರಾಮಗಳನ್ನು, ತಮ್ಮನ ಮನೆಯಲ್ಲಿ ಬಿಟ್ಟು ಬಂದಿದ್ದರು. "ಸಾಲಿಗ್ರಾಮ ಇಲ್ಲದ ಪೂಜೆ ಒಂದು ಪೂಜೆಯೇ ಅಳಿಯಂದಿರೇ?" ಎಂದು ದಿನಾ ನಿಟ್ಟುಸಿರು.

ಯಾರ ಕಾಲೂ ತಾಗದ ಜಾಗ ಮನೆಯಲ್ಲಿ ಒಂದೇ ಇತ್ತು, ದೇವರ ಗೂಡಿನ ಕೆಳಗೆ. ಪೆಟ್ಟಿಗೆಯನ್ನು ಭಕ್ತಿಯಿಂದ ಅಲ್ಲಿಟ್ಟು, "ಯಾರೂ ಮುಟ್ಟಬಾರದು" ಎಂದೆ.

ಮಗಳು ಇಣುಕಿ, "ಅಪ್ಪಾ, ದೇ ಆರ್ ಜಸ್ಟ್ ರಾಕ್ಸ್ ಲಾ" ಎಂದಳು.

ಮಾವನವರು ಅವಳ ಬಾಯಿ ಮುಚ್ಚಿಸಿದರು. "ಹಾಗನ್ನಬಾರದು ಪುಟ್ಟಿ, ತಪ್ಪು." ನನ್ನ ಕಡೆ ತಿರುಗಿ, "ಎಂಥ ಅಪರೂಪದ್ದು ಇಟ್ಟುಕೊಂಡಿದ್ದೀರಿ! ಒಂದು ಮಾತೂ ಹೇಳಲಿಲ್ಲ" ಎಂದರು.

ಆರು ವರ್ಷದ ಸಂಶೋಧನೆಯಲ್ಲಿ ನನ್ನ ಕೆಲಸದ ಬೆಲೆ ತಿಳಿದ ಮೊದಲನೆಯ ಮನುಷ್ಯ ಮಾವನವರು ಎಂದು ನನ್ನ ಕಣ್ಣು ತುಂಬಿ ಬಂತು.

೩. ವಿದ್ವತ್ ಗೋಷ್ಠಿ

ಅಂತರರಾಷ್ಟ್ರೀಯ ಗೋಷ್ಠಿಯೂ ಜೂಮಿನಲ್ಲೇ ನಡೆಯಿತು. ಪ್ರಶ್ನೆ ಒಂದೇ: ಜನ ತಮ್ಮ ದ್ವೀಪ ಬಿಟ್ಟು ಯಾಕೆ ಹೊರಟರು? ಒಬ್ಬ ವಿದ್ವಾಂಸರು ಹವಾಮಾನ ಎಂದರು, ಇನ್ನೊಬ್ಬರು ವ್ಯಾಪಾರ ಎಂದರು. ಮೂರನೆಯವರು ನಲವತ್ತು ಸ್ಲೈಡ್ ತೋರಿಸಿ, ಹೇಳಲು ಬರುವುದಿಲ್ಲ ಎಂದು ಸಾಬೀತುಪಡಿಸಿದರು. ಅವರಿಗೇ ಹೆಚ್ಚು ಚಪ್ಪಾಳೆ.

ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಮಾವನವರು, "ಏನಂತೆ ಇಷ್ಟು ಹೊತ್ತು?" ಎಂದರು. ಹೇಳಿದೆ.

"ಇದಕ್ಕೆ ಇಷ್ಟು ಜನ ಬೇಕೇ? ಯಾರೋ ನೆಂಟರು ನಾಲ್ಕು ದಿನಕ್ಕೆಂದು ಬಂದು ಏಳಲೇ ಇಲ್ಲವೇನೋ. ಮನೆಯವರೇ ದೋಣಿ ಹತ್ತಿರಬೇಕು."

ಅವರು ನಮ್ಮ ಮನೆಗೆ ಬಂದು ಅಂದಿಗೆ ಹತ್ತನೇ ತಿಂಗಳು. ಒಳಕೋಣೆಯಲ್ಲಿ ಹೆಂಡತಿಗೆ ಒಮ್ಮೆಲೇ ಕೆಮ್ಮು ಹತ್ತಿತು. ನಾನು ಮ್ಯೂಟಿನಲ್ಲಿದ್ದೆ; ದೇವರು ದೊಡ್ಡವನು.

೪. ಕೊನೆಯ ಬಳಕೆ

ರಿಜಿಸ್ಟರಿನಲ್ಲಿ ಪ್ರತಿ ಕಲ್ಲಿಗೂ ಒಂದು ಸಾಲು: ಸಂಖ್ಯೆ, ಆಕಾರ, ಗುರುತು, ಕೊನೆಯ ಬಳಕೆ ಯಾವ ಕಾಲದ್ದು ಎಂಬುದು. ಹದಿನೇಳನೆಯದು ಚೆಂದದ ಕಲ್ಲು. ಅಂಗೈಯಗಲ, ಕಪ್ಪು, ಗುಂಡಗೆ, ನಡುವೆ ಒಂದು ಕುಳಿ. ತಿಂಗಳು ತಿಂಗಳಿಗೆ ಅದರ ಹೊಳಪು ಹೆಚ್ಚುತ್ತಿರುವುದು ನನ್ನ ತೀಕ್ಷ್ಣ ದೃಷ್ಟಿಗೆ ಬಿತ್ತು. 'ಅಪಾರ ನಯ, ದೀರ್ಘಕಾಲ ಬಳಸಿದ್ದರ ಲಕ್ಷಣ' ಎಂದು ಬರೆದೆ. ಗಂಧದ ವಾಸನೆಯೂ ಬಂತು. ದೇವರ ಗೂಡಿನ ಸಾನ್ನಿಧ್ಯ ಎಂದುಕೊಂಡೆ.

ಲ್ಯಾಬು ತೆರೆಯಿತು. ಕಲ್ಲುಗಳು ಪರೀಕ್ಷೆಗೆ ಹೋದವು. ಮೂರು ವಾರದ ನಂತರ ಪ್ರೊಫೆಸರ್ ವಿಡಿಯೋದಲ್ಲಿ ಬಂದರು. ಕುರ್ಚಿಯಲ್ಲಿ ಕೂರಲಾರದಷ್ಟು ಸಂಭ್ರಮ.

"ಹದಿನೇಳರ ಕುಳಿಯ ತಳದಲ್ಲಿ ರಾಳ ಇದೆ. ಅದು ಇರಲಿ. ಅದರ ಮೇಲೇನಿದೆ ಗೊತ್ತಾ? ಹಾಲು! ತುಪ್ಪ! ಜೇನು! ಗಂಧ! ಆ ಕಾಲದಲ್ಲಿ, ಆ ದ್ವೀಪದಲ್ಲಿ! ದೋಣಿಯಲ್ಲಿ ಹಸು ಬಂದಿತ್ತು ಲಾ! ಇತಿಹಾಸವನ್ನೇ ತಿದ್ದಬೇಕು. ನಿನ್ನ ವೀಸಾ ಪತ್ರಕ್ಕೆ ಇವತ್ತೇ ಸಹಿ."

ಹಾಲು, ತುಪ್ಪ, ಜೇನು. ಮೊಸರು, ಸಕ್ಕರೆ ಸೇರಿದರೆ ಲೆಕ್ಕ ಸರಿಹೋಗುತ್ತದಲ್ಲ ಎಂದು ನನಗೆ ಹೊಳೆಯಿತು. ಹಾಲ್‌ಗೆ ಹೋದೆ.

"ಮಾವ, ಆ ಪೆಟ್ಟಿಗೆಯ ಕಲ್ಲು ನೀವೇನಾದರೂ..."

"ಮತ್ತೆ? ಆ ಕಪ್ಪು ಗುಂಡಗಿನದನ್ನು ದಿನಾ ತೆಗೆದು, ಪಂಚಾಮೃತ ಅಭಿಷೇಕ ಮಾಡಿ, ಗಂಧ ಹಚ್ಚಿ, ಒರೆಸಿ ಪೆಟ್ಟಿಗೆಯಲ್ಲೇ ಇಡುತ್ತಿದ್ದೆ. ಮಿಕ್ಕವುಗಳ ಲಕ್ಷಣ ನನಗೆ ಹಿಡಿಸಲಿಲ್ಲ. ತೀರ್ಥ ನೀವೂ ತೊಗೊಂಡಿದ್ದೀರಲ್ಲ, ಕಣ್ಣು ಮುಚ್ಚಿಕೊಂಡು?"

ಹೌದು, ತೆಗೆದುಕೊಂಡಿದ್ದೆ. ಕಣ್ಣು ಮುಚ್ಚಿದಷ್ಟೂ ಭಕ್ತಿ ಹೆಚ್ಚು ಎಂದು ನಂಬಿದವನು ನಾನು.

"ಮಾವ, ಅದು ಸಾಲಿಗ್ರಾಮ ಅಲ್ಲ. ದೋಣಿಗೆ ರಾಳ ಅರೆದ ಕಲ್ಲು."

ಅವರು ಕೈಯಲ್ಲಿದ್ದ ಹೂಬತ್ತಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಮೆಲ್ಲಗೆ, "ಅಷ್ಟು ದೊಡ್ಡ ಸಮುದ್ರಕ್ಕೆ ಇಳಿಯುವವನು ದೇವರನ್ನು ನೆನೆಯದೆ ಅರೆದಿರುತ್ತಾನೆಯೇ? ವ್ಯರ್ಥವಾಗಿಲ್ಲ ಬಿಡಿ" ಎಂದರು.

ಗೂಡಿನ ಮುಂದೆ ಕೂತೆ. ಸುಮ್ಮನಿದ್ದರೆ ಸಹಿ, ವೀಸಾ, ಕೀರ್ತಿ. ಜೊತೆಗೆ, ಪಾಪ, ಆ ದ್ವೀಪದವರ ತಲೆಗೆ ಕಾಣದ ಹಸುವೊಂದನ್ನು ಕಟ್ಟಿದ ಸುಳ್ಳು. ಬಾಯಿಬಿಟ್ಟರೆ ಮೈಸೂರು. ದೇವರು ಎಂದಿನಂತೆ ನಗುತ್ತಿದ್ದ. ಈ ಸಲ ನನ್ನನ್ನೇ ನೋಡಿ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಪ್ರೊಫೆಸರಿಗೆ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ಅವರ ಕ್ಯಾಮೆರಾ ಆಫ್ ಆಯಿತು. ಐದು ನಿಮಿಷದ ಮೇಲೆ ಮುಖ ಮತ್ತೆ ಕಂಡಿತು.

"ಎಷ್ಟು ದಿನ ತೊಳೆದರು?"

"ಲ್ಯಾಬು ಮುಚ್ಚಿದಾಗಿನಿಂದ ದಿನಾ."

"ತೊಳೆದ ನೀರು?"

"ಕುಡಿದೆವು ಸಾರ್. ದಿನಕ್ಕೆ ಮೂರು ಉದ್ಧರಣೆ."

"ಅಂದರೆ ನನ್ನ ಅರ್ಧ ಸ್ಯಾಂಪಲ್ಲು ನಿನ್ನ ಹೊಟ್ಟೆಯಲ್ಲಿದೆ!"

ಗಂಟುಮೂಟೆಯಲ್ಲಿ ಮೊದಲು ಯಾವುದನ್ನು ಕಟ್ಟುವುದೆಂದು ಯೋಚಿಸುತ್ತಿದ್ದಾಗ ಆ ಕಡೆಯಿಂದ ನಗು ಕೇಳಿಸಿತು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅವರು ಹೇಳಿದರು: "ತಳದ ರಾಳವನ್ನು ನಿನ್ನ ಮಾವನಿಗೂ ತೊಳೆಯಲಾಗಲಿಲ್ಲ. ಅಧ್ಯಾಯಕ್ಕೆ ಅಷ್ಟು ಸಾಕು, ಸಹಿ ಹಾಕುತ್ತೇನೆ. ಆದರೆ ನಾವು ವಿಜ್ಞಾನಿಗಳು ಲಾ, ರಿಜಿಸ್ಟರಿನಲ್ಲಿ ಸುಳ್ಳು ಇರಬಾರದು. ಹದಿನೇಳರ ಸಾಲು ತಿದ್ದು."

ತಿದ್ದಿದೆ. ಇಂದಿಗೂ ಹಾಗೇ ಇದೆ. ಮಿಕ್ಕ ಹತ್ತೊಂಬತ್ತು ಕಲ್ಲುಗಳ ಮುಂದೆ 'ಕೊನೆಯ ಬಳಕೆ: ನವಶಿಲಾಯುಗ'. ಹದಿನೇಳರ ಮುಂದೆ, ನನ್ನದೇ ದುಂಡಗಿನ ಅಕ್ಷರದಲ್ಲಿ, 'ಕೊನೆಯ ಬಳಕೆ: ಕಳೆದ ತಿಂಗಳ ದ್ವಾದಶಿ, ಬೆಳಗಿನ ಪೂಜೆ'.