ಇನ್ನೊಂದು ಗೋಸಂಗ್‌ಗೆ ಸುಖವಾಗಿ ತಲುಪಿಸಿದವರಿಗೆ

ನನ್ನ ಮೊಬೈಲಿನೊಳಗೆ ಬಾಡಿಗೆಯಿಲ್ಲದೆ ವಾಸವಾಗಿದ್ದು, ಮಧುರ ಕಂಠದಿಂದ ದಾರಿ ತೋರಿಸುವ ಮಹಾತಾಯಿಯವರ ಸನ್ನಿಧಾನಕ್ಕೆ, ಸಿಯೋಲ್ ನಿವಾಸಿ, ಅರವತ್ತೆರಡರ ಪ್ರಾಯದ ಬ್ಯಾಂಗ್ ಇನ್‌ಸುಕ್ ಮಾಡುವ ನಮಸ್ಕಾರಗಳು. ಈ ಪತ್ರವನ್ನು ನಮ್ಮ ಶಾಲಾ ಗೆಳತಿಯರ ಮೊಬೈಲ್ ಗುಂಪಿನಲ್ಲಿ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ, ಅನ್ಯಥಾ ಭಾವಿಸಬಾರದು.

ಮಾನ್ಯರೇ,

ಬೇಸಿಗೆ ಪ್ರವಾಸದ ಮೊದಲ ದಿನವಾದ ಇಂದು ಮುಂಜಾನೆ, ಗೆಳತಿ ಹ್ವಾಜಾ ಸ್ಟೀರಿಂಗನ್ನೂ ಗೆಳತಿ ಮಾಲ್‌ಸುನ್ ಬೇಯಿಸಿದ ಮೊಟ್ಟೆಗಳ ಬುಟ್ಟಿಯನ್ನೂ ನಾನು ತಮ್ಮನ್ನೂ ಹಿಡಿದು ಹೊರಟೆವು. ಪೂರ್ವದ ಕಡಲಂಚಿನ ಗೋಸಂಗ್ ಬಂದರಿನಲ್ಲಿ ನಮ್ಮ ಇನ್ನೊಬ್ಬ ಶಾಲಾ ಗೆಳತಿ ಬೊಕ್‌ಹಿ, ಐಸ್ ತೇಲುವ ಹಸಿಮೀನಿನ ಸಾರು ಮಾಡಿಟ್ಟು ಕಾಯುತ್ತಿದ್ದಳು. ಅವಳು ನನ್ನೊಡನೆ ಮಾತು ಬಿಟ್ಟು ಮೂರು ವರ್ಷ. ಅವಳ ಗಂಡನ ಅಂತ್ಯಕ್ರಿಯೆಗೆ ನಾನು ಹೋಗಲಿಲ್ಲ. ದಾರಿ ತಪ್ಪಿತೆಂದು ಹೇಳಿ ಕಳಿಸಿದ್ದೆ. ಮಾಲ್‌ಸುನ್ ಕಾಲಿಗೆ ಬಿದ್ದು ಒಪ್ಪಿಸಿದ್ದರಿಂದ ಈ ಊಟಕ್ಕೆ ಕರೆದಿದ್ದಳು.

ರಜೆಯ ಮೊದಲ ಶನಿವಾರ ಪೂರ್ವದ ಹೆದ್ದಾರಿಯಲ್ಲಿ ಇರುವೆಗೂ ಜಾಗವಿರುವುದಿಲ್ಲವಾದರೂ ನಮ್ಮ ಮುಂದಿನ ರಸ್ತೆ ಖಾಲಿಯಾಗಿದ್ದುದನ್ನು ಕಂಡು, ಇದು ತಮ್ಮ ಜಾಣ್ಮೆಯೆಂದೇ ಬಗೆದು ತಮ್ಮನ್ನು ಮೂರು ಸಲ ಹೊಗಳಿದೆವೆಂಬುದನ್ನು ನಾಚಿಕೆಯಿಂದ ನೆನೆಯುತ್ತೇನೆ. ನಾಲ್ಕೂವರೆ ಗಂಟೆಯ ನಂತರ ಊರ ಬಾಗಿಲಲ್ಲಿ ಮನೆಯೆತ್ತರದ ಡೈನೋಸಾರ್ ಬೊಂಬೆ ಹಲ್ಲು ಕಿರಿಯುತ್ತಿತ್ತು.

"ಲೇ, ಬೊಕ್‌ಹಿ ಊರಲ್ಲಿ ಗಡಿ ಕಾಯೋ ಸೈನಿಕರು ತಾನೇ ಇರೋದು? ಇದನ್ಯಾವಾಗ ಸಾಕಿದ್ರೇ?" ಎಂದಳು ಮಾಲ್‌ಸುನ್.

ಆಗ ತಾವು ಕಿಂಚಿತ್ತೂ ಅಳುಕದೆ, "ಗಮ್ಯಸ್ಥಾನ ತಲುಪಿದ್ದೀರಿ, ಮಾರ್ಗದರ್ಶನ ಮುಗಿಯಿತು" ಎಂದಿರಿ. ಇದು ದೇಶದ ದಕ್ಷಿಣ ತುದಿಯ ಗೋಸಂಗ್. ಒಂದೇ ದೇಶದಲ್ಲಿ ಒಂದೇ ಹೆಸರಿನ ಎರಡು ಊರುಗಳಿರುವುದೂ ತಾವು ಎರಡನ್ನೂ ಒಂದರ ಕೆಳಗೊಂದು ತೋರಿಸಿದ್ದೂ ನಾನು ಕನ್ನಡಕವಿಲ್ಲದೆ ಮೇಲಿನದನ್ನು ಒತ್ತಿದ್ದೂ ನಿಜವೆಂದು ಹ್ವಾಜಾ ಆರೋಪಿಸುತ್ತಾಳೆ. ದೊಡ್ಡವರಾದ ತಾವು ಒಮ್ಮೆ ಗದರಬಾರದಿತ್ತೆ?

ಬೊಕ್‌ಹಿಗೆ ಫೋನ್ ಮಾಡಿದೆ. ಗೋಸಂಗ್‌ನಲ್ಲೇ ಇದ್ದೇನೆ ಎಂದೆ. ತಾನೂ ಗೋಸಂಗ್‌ನಲ್ಲೇ ಇದ್ದೇನೆ, ನೀನೆಲ್ಲಿ ಎಂದಳು. ಸಂಗತಿ ತಿಳಿಸಿದಾಗ, "ಆವತ್ತೂ ದಾರಿ ತಪ್ತು ಅಂದೆ, ಇವತ್ತೂ ದಾರಿ ತಪ್ತು ಅಂತೀಯ. ನಮ್ಮನೆ ದಾರಿ ಒಂದೇ ಯಾಕೇ ತಪ್ಪತ್ತೆ ನಿಂಗೆ?" ಎಂದು ಫೋನ್ ಇಟ್ಟಳು.

ಆದಕಾರಣ, ಇಂದು ಇನ್‌ಸುಕ್ ನಿಜವಾಗಿಯೂ ದಾರಿ ತಪ್ಪಿದ್ದಾಳೆಂದು ತಾವು ಮೊಹರು ಹಾಕಿ ದೃಢೀಕರಣ ಪತ್ರ ನೀಡಬೇಕೆಂದೂ, ಸಾಧ್ಯವಾದರೆ ಸಂಜೆಯೊಳಗೆ ಎರಡು ಗೋಸಂಗ್‌ಗಳನ್ನು ಅಕ್ಕಪಕ್ಕಕ್ಕೆ ಎಳೆದು ಕೂರಿಸಬೇಕೆಂದೂ ವಿನಂತಿ.

ಆದರೆ ದೃಢೀಕರಿಸುವ ಮುನ್ನ ತಾವು ಹಳೆಯ ದಾಖಲೆ ತೆಗೆದು ನೋಡುತ್ತೀರಿ. ಮೂರು ವರ್ಷದ ಹಿಂದೆ ತಾವು ನನ್ನನ್ನು ಬೊಕ್‌ಹಿಯ ಗಂಡನ ಶವವಿಟ್ಟಿದ್ದ ಆಸ್ಪತ್ರೆಯ ಶೋಕಗೃಹದ ಬಾಗಿಲಿಗೇ ತಂದು ನಿಲ್ಲಿಸಿದ್ದಿರಿ. ಕಪ್ಪು ಬಟ್ಟೆಯಲ್ಲಿ ಮುಕ್ಕಾಲು ಗಂಟೆ ಕಾರಿನಲ್ಲೇ ಕುಳಿತಿದ್ದೆ. ಬೊಕ್‌ಹಿಯ ಮುಖ ನೋಡಿ ಏನು ಹೇಳಬೇಕೆಂದು ತಿಳಿಯದೆ ಹೆದರಿ ವಾಪಸು ತಿರುಗಿದೆ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವಂತೆ ತಪ್ಪನ್ನು ತಮ್ಮ ತಲೆಗೆ ಕಟ್ಟಿದೆ. ತಾವು ಅಂದು ತಪ್ಪಿರಲಿಲ್ಲ. ನನಗೆ ಇಂದಿಗೂ ಅದರ ಸಂಕಟ ಹೋಗಿಲ್ಲ.

ತಮ್ಮ ವಿಶ್ವಾಸಿ (ಇಂದಿನವರೆಗೆ ಅತಿಯಾಗಿ ವಿಶ್ವಾಸವಿಟ್ಟವಳು),
ಬ್ಯಾಂಗ್ ಇನ್‌ಸುಕ್

ತಾ.ಕ.: ಗುಂಪಿನಲ್ಲಿ ಓದಿದ ಬೊಕ್‌ಹಿ ಈಗಷ್ಟೇ ಬರೆದಿದ್ದಾಳೆ: "ಗೊತ್ತಿತ್ತು ಕಣೇ. ಆವತ್ತು ಕಿಟಕೀಲಿ ನಿಂತು ನಿನ್ನ ಕಾರನ್ನೇ ನೋಡ್ತಾ ಇದ್ದೆ, ಇಳೀತೀಯ ಅಂತ. ನಾಳೆ ಬಾ. ಫೋನಲ್ಲಿರೋ ಆ ಹೆಂಗಸಿನ ಬಾಯಿ ಮುಚ್ಚಿಸಿ, ಜನರನ್ನ ಕೇಳ್ಕೊಂಡು ಬಾ. ಬಾಗಿಲಿಗೆ ಬಂದ್ಮೇಲೆ ಈ ಸಲನಾದ್ರೂ ಕಾರಿಂದ ಇಳಿ."