ವಿರೋಧ ಪಕ್ಷದ ವರ

ಮುನವಳ್ಳಿಯ ಹೈಸ್ಕೂಲೊಂದರ ಕನ್ನಡ ಮಾಸ್ತರರಾದ ದುಂಡಪ್ಪನವರ ಬಾಳನ್ನು ಅಂದು ಕೆಡಿಸಿದ್ದು ಚಹಾಪುಡಿಯ ಪೊಟ್ಟಣದಿಂದ ಹರಿದ ಒಂದು ಚೀಟಿ. ಅದರ ಮೇಲೆ ಒಂದೇ ಪದವಿತ್ತು: ವಿರೋಧ.

ಮೂವತ್ತೆರಡರ ದುಂಡಪ್ಪನವರು ಶನಿವಾರದ ಕೊನೆಯ ತಾಸಿನಲ್ಲಿ ಹುಡುಗರಿಗೆ ಭಾಷಣಕಲೆಯ ಪಾಠ ಹೇಳುತ್ತಿದ್ದರು. ಕೇಳುವವನ ಕಣ್ಣಲ್ಲಿ ಕಣ್ಣಿಡಬೇಕು. ವಾದ ಹೂಡುವ ಮೊದಲು ಅವನ ಮನಸ್ಸಿಗೊಂದು ಚಿತ್ರ ಕೊಡಬೇಕು. ಮಾತಿನ ನಡುವೆ ಮೌನಕ್ಕೂ ಜಾಗ ಬಿಡಬೇಕು. ಪರವಾಗಲಿ ವಿರೋಧವಾಗಲಿ, ಚೀಟಿಯಲ್ಲಿ ಬಂದದ್ದನ್ನು ತನ್ನದೇ ನಂಬಿಕೆಯೆಂಬಂತೆ ಆಡಬೇಕು. ಹೇಳುತ್ತ ಹೇಳುತ್ತ ಅವರ ನೋಟ ಕಿಟಕಿಯಾಚೆಯ ಜಲಾಶಯದತ್ತ ಜಾರಿ, ಅರ್ಧ ಆಡಿದ ವಾಕ್ಯ ದಂಡೆ ಬಿಟ್ಟ ತೆಪ್ಪದಂತೆ ತೇಲಿಹೋಗುವುದೂ ಉಂಟು. ಈಚೆಗಂತೂ ಆ ನೀರಿನ ಹೊಳಪಿನಲ್ಲೆಲ್ಲ ಅವರಿಗೆ ಕಾಣುತ್ತಿದ್ದುದು ರಾಮದುರ್ಗದ ದೇವಕ್ಕನ ಮುಖ. ಕನ್ಯೆ ನೋಡಲು ಹೋದ ದಿನ ಆಕೆ ಅವಲಕ್ಕಿಯ ತಟ್ಟೆಯಿಟ್ಟು ಅರೆಗಳಿಗೆ ಕಣ್ಣೆತ್ತಿದ್ದಳು. ಬಸ್ಸು ಹತ್ತಿ ಊರಿಗೆ ಮರಳಿದವರು ದುಂಡಪ್ಪನವರೇ ಆದರೂ ಅವರ ಜೀವ ಮಾತ್ರ ಅಲ್ಲಿಯೇ ಉಳಿದಿತ್ತು.

ಆಕೆಯ ತಂದೆ, ಹತ್ತಿ ವ್ಯಾಪಾರದ ಶಟ್ಟೆಪ್ಪನವರು, ಕೊನೆಯ ಮಾತು ಹೇಳಲು ಈ ಶನಿವಾರ ಬರುವವರಿದ್ದರು.

ಹೆಡ್ಮಾಸ್ತರ ಬಸಯ್ಯನವರಿಗೆ ಪರರಿಗೆ ಒಳ್ಳೆಯದು ಮಾಡುವ ಚಟ. ಅದು ತಂಬಾಕಿನ ಚಟದಂತೆ ಬಿಡಿಸಲು ಬಾರದ್ದು. ಭಾವೀ ಮಾವ ಅಳಿಯನ ವಾಗ್ವೈಭವವನ್ನು ಕಿವಿಯಾರೆ ಕೇಳಲೆಂದು ಅವರು ಮಾಸ್ತರರ ನಡುವೆಯೇ ಒಂದು ಮಾದರಿ ಚರ್ಚೆ ಏರ್ಪಡಿಸಿ, ಬಸ್ಸಿಳಿದ ಶಟ್ಟೆಪ್ಪನವರನ್ನು ನೇರ ಅಧ್ಯಕ್ಷರ ಕುರ್ಚಿಗೆ ಕರೆದೊಯ್ದರು. ವಿಷಯವನ್ನೂ ಸಮಯಕ್ಕೆ ತಕ್ಕಂತೆ ತಾವೇ ಆರಿಸಿದ್ದರು: 'ಶಿಕ್ಷಕನಿಗೆ ಸಂಸಾರ ಅವಶ್ಯ'. ಚೀಟಿ ಎತ್ತಿದಾಗ ದುಂಡಪ್ಪನವರಿಗೆ ವಿರೋಧ ಬಂತು, ಪರ ಬಂದದ್ದು ಡ್ರಿಲ್ ಮಾಸ್ತರ ಕಾಡಪ್ಪನಿಗೆ. ಸೀಟಿ ಊದುವುದರ ಹೊರತು ಬೇರೆ ಕಾರಣಕ್ಕೆ ಬಾಯಿ ತೆರೆಯದ ಅವಿವಾಹಿತ ಅವನು.

ದುಂಡಪ್ಪನವರು ಅವನನ್ನು ನೀರಿನ ಹರವಿಯ ಬಳಿಗೆ ಎಳೆದೊಯ್ದು ಚೀಟಿ ಬದಲಿಸಲು ಅಂಗಲಾಚಿದರು. ಕಾಡಪ್ಪ ಒಪ್ಪಿಯೂ ಬಿಟ್ಟ. ಆದರೆ ನೀರು ಕುಡಿಯಲು ಬಂದ ಹುಡುಗರು ಸುಮ್ಮನಿರಲಿಲ್ಲ.

"ಸರ, ಚೀಟಿ ಬದಲಿ ಮಾಡಬಾರದು ಅಂತ ನೀವ ಬೋರ್ಡಿನ ಮ್ಯಾಲ ಬರದಿದ್ರಿ," ಎಂದ ಒಬ್ಬ. "ನಾವೆಲ್ಲಾ ವಹಿಯಾಗ ಇಳಿಸ್ಕೊಂಡೇವ್ರಿ."

ಚರ್ಚೆ ಶುರುವಾಯಿತು. ಕಾಡಪ್ಪ ವೇದಿಕೆ ಹತ್ತಿ, ಡ್ರಿಲ್ಲಿನ 'ಸಾವಧಾನ್' ಭಂಗಿಯಲ್ಲಿ ನಿಂತು, ಬೆವರಿ, ಎರಡು ಗ್ಲಾಸು ನೀರು ಕುಡಿದ. "ಲಗ್ನ ಆಗಬೇಕ್ರಿ," ಎಂದ. ಬಹಳ ಹೊತ್ತು ಯೋಚಿಸಿ, "ಮನ್ಯಾಗ ಒಬ್ಬಾಕಿ ಇದ್ರ ಚಲೋ ಇರತೈತಿ," ಎಂದು ಸೇರಿಸಿ ಇಳಿದುಬಿಟ್ಟ. ಹುಡುಗರು ನಕ್ಕರು.

ಸೋಲುವುದೊಂದೇ ಉಪಾಯವೆಂದು ನಿಶ್ಚಯಿಸಿ ದುಂಡಪ್ಪನವರು ಎದ್ದರು. ಬೇಕೆಂದೇ ತಡವರಿಸಿದರು, ಇದು ಮೌನದ ಪಾಠವೆಂದು ಹುಡುಗರು ಕಿವಿ ನಿಮಿರಿಸಿದರು. ಒಂಟಿ ಬಾಳಿನ ದೈನ್ಯ ಕಂಡು ಸಭೆ ಮರುಗಲೆಂದು ಅವರು ತಮ್ಮ ಬಾಡಿಗೆಯ ಖೋಲಿಯನ್ನೇ ಬಣ್ಣಿಸತೊಡಗಿದರು. ಸಂಜೆ ಬೀಗ ತೆಗೆದರೆ ಎಲ್ಲಿಗೆ ಹೋಗಿದ್ದಿರೆಂದು ಕೇಳುವವರಿಲ್ಲ. ಕಂದೀಲು ಹಚ್ಚಿದರೆ ಗೋಡೆಯ ಮೇಲೆ ತನ್ನದೊಂದೇ ನೆರಳು. ಉಂಡೆಯಾ ಎನ್ನುವವರಿಲ್ಲ, ಸಾಕು ಎನ್ನುವವರಿಲ್ಲ. ನೀರ ಮೇಲಿಂದ ಬಂದ ಗಾಳಿ ಪುಸ್ತಕದ ಹಾಳೆ ಮಗುಚುತ್ತದೆ. ಬಾನಿನಲ್ಲಿ ಒಂದೊಂದೇ ನಕ್ಷತ್ರ, ಯಾರ ಅಪ್ಪಣೆಯೂ ಇಲ್ಲದೆ, ಕಣ್ಣು ಬಿಡುತ್ತದೆ. ಹೇಳುತ್ತಿದ್ದಂತೆ ನಕ್ಷತ್ರಗಳ ನಡುವೆ ದೇವಕ್ಕನ ಕಣ್ಣುಗಳೂ ತೆರೆದವು. ದುಂಡಪ್ಪನವರ ನೋಟ ಕಿಟಕಿಯಾಚೆ ಜಾರಿತು. ವಾಕ್ಯ ಅರ್ಧಕ್ಕೇ ತೇಲಿಹೋಯಿತು.

ರಾಮದುರ್ಗದಲ್ಲಿ ಹದಿನೆಂಟು ಮಂದಿಯ ಸಂಸಾರವನ್ನು ಮೂರು ಒಲೆಗಳ ಹೊಗೆಯಲ್ಲಿ ನಡೆಸುತ್ತಿದ್ದ ಶಟ್ಟೆಪ್ಪನವರು ಚಾಳೀಸು ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆ ಹೆಂಚಿನ ಮೇಲೆ ಬಿದ್ದ ಆಲಿಕಲ್ಲಿನ ಮಳೆಯಂತೆ ಸುರಿಯಿತು.

ಹೆಡ್ಮಾಸ್ತರರ ಖೋಲಿಯಲ್ಲಿ ಚಹಾ ಬಂತು.

"ಮಾಸ್ತರ, ನನ್ನ ಕಣ್ಣ ತೆರಿಸಿದ್ರಿ," ಎಂದರು ಶಟ್ಟೆಪ್ಪನವರು. "ಅಂಥಾ ಖೋಲಿ ಒಂದ ದಿನ ನನಗ ಸಿಕ್ಕಿದ್ರ ಸಾಕಾಗಿತ್ತು. ಇಷ್ಟ ಸುಖದಾಗ ಇರೂ ಮನಶ್ಯಾನ ಕೊಳ್ಳಾಗ ನಮ್ಮ ದೇವಕ್ಕನ ಕಟ್ಟಿ ನಾ ಯಾಕ ಪಾಪ ಹೊರಲಿ?"

ಅದು ಚೀಟಿಯ ಮಾತು, ಚರ್ಚೆಯ ಪದ್ಧತಿ, ತಮ್ಮ ಮನಸ್ಸಿನದಲ್ಲ ಎಂದು ದುಂಡಪ್ಪನವರು ವಿವರಿಸಿದರು. ಆಮೇಲೆ ಜೀವವನ್ನೇ ನಾಲಗೆಗೆ ತಂದು ಸಂಸಾರದ ಪರವಾಗಿ ಮಾತಾಡಿದರು. ಇಬ್ಬರ ನೆರಳು ಒಂದೇ ಗೋಡೆಯ ಮೇಲೆ ಕೂಡುವುದನ್ನೂ, ಕಾದಿಟ್ಟ ರೊಟ್ಟಿಯ ಬಿಸಿಯನ್ನೂ ಅವರು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಬಸಯ್ಯನವರ ಕೈಯಲ್ಲಿದ್ದ ಬಸಿಯಿಂದ ಚಹಾ ಹನಿಹನಿಯಾಗಿ ಧೋತರಕ್ಕೆ ಇಳಿದದ್ದು ಅವರಿಗೇ ತಿಳಿಯಲಿಲ್ಲ. ಬಾಗಿಲ ಬಳಿಯ ಜವಾನ ಅಳು ತಡೆಯಲು ಮೂಗೇರಿಸಿದ.

ಶಟ್ಟೆಪ್ಪನವರು ಪೂರ್ತಿ ಕೇಳಿದರು.

"ತಾಸಿನ ಹಿಂದ ಬ್ಯಾಡ ಅಂದ್ರಿ, ಅಳು ಬಂತು. ಈಗ ಬೇಕು ಅಂದ್ರಿ, ಮತ್ತ ಅಳು ಬಂತು. ಹತ್ತಿ ಪ್ಯಾಟಿ ಒಳಗ ಮೂವತ್ತ ವರ್ಷ ಕಳದೇನಿ. ಎರಡೂ ಕಡಿ ಇಷ್ಟ ಚಂದ ಮಾತಾಡೂವವರನ್ನ ನಾ ಕಂಡಿಲ್ಲ. ನಾಳಿ ನಿಮ್ಮ ಕೂಡ ಜಗಳಾ ಬಿದ್ರ, ನನ್ನ ಮಗಳು ಒಂದ ದಿನರ ಗೆಲ್ಲತಾಳೇನ್ರಿ?"

ಶಟ್ಟೆಪ್ಪನವರು ಹೆಡ್ಮಾಸ್ತರರ ಕಡೆಗೆ ಹೊರಳಿದರು.

"ಆ ನೀರ ಕುಡದ್ರಲ್ಲ, ಆ ಮಾಸ್ತರ್ದು ಯಾವೂರ್ರಿ? ಏನ ಹೇಳಬೇಕಿತ್ತೋ ಅಷ್ಟ ಹೇಳಿ ಕುಂತ್ರು."

ಬಸಯ್ಯನವರ ಚಟ ಮತ್ತೆ ಚಿಗುರಿತು. ಕಾಡಪ್ಪನನ್ನು ಆಟದ ಬಯಲಿನಿಂದ ಓಡಿಸಿಕೊಂಡು ಕರೆತಂದರು. ಕುಲ, ಮನೆತನ ಎಲ್ಲ ಕೂಡಿ ಬಂತು. ಕೇಳಿದ್ದಕ್ಕೆಲ್ಲ ಅವನು "ಹೌದ್ರಿ" ಎಂದ. ದೇವಕ್ಕನೂ ಹ್ಞೂಂ ಎಂದರೆ ಬರುವ ಮಾಘದಲ್ಲೇ ಮುಹೂರ್ತ.

ಸಂಜೆ ಬಸ್ಸು ಹೊರಟಾಗ ಶಟ್ಟೆಪ್ಪನವರು ಕಿಟಕಿಯಿಂದ ಕೈ ಚಾಚಿ ದುಂಡಪ್ಪನವರ ಕೈ ಹಿಡಿದರು. ನಿಜವಾದ ಮಮತೆ ಅವರ ಮುಖದಲ್ಲಿತ್ತು.

"ಮಾಸ್ತರ, ಲಗ್ನದಾಗ ನಾಕ ಮಾತ ನೀವ ಆಡಬೇಕು. ಆದ್ರ ತಾಳಿ ಕಟ್ಟಿ ಅಕ್ಕಿಕಾಳ ಬಿದ್ದ ಮ್ಯಾಲ ಆಡ್ರಿ. ಮೊದಲ ಬ್ಯಾಡ."

ಬಸ್ಸಿನ ಧೂಳು ಸಂಜೆಯ ಬೆಳಕಿನಲ್ಲಿ ಹೊನ್ನಾಗಿ ತೇಲುತ್ತ ಮೆಲ್ಲನೆ ನೆಲಕ್ಕಿಳಿಯಿತು. ದುಂಡಪ್ಪನವರು ರಸ್ತೆಯ ನಡುವೆ ನಿಂತೇ ಇದ್ದರು. ಬರಲಾಗದು ಎಂದು ಕಾಗದ ಬರೆದುಬಿಡಬೇಕು ಎಂದುಕೊಂಡರು. ಆದರೆ ಏನು ಮಾಡುವುದು, ಲಗ್ನದ ಭಾಷಣದ ಮೊದಲ ವಾಕ್ಯ ಆಗಲೇ ಹೊಳೆದಿತ್ತು. ಅದು ಬಹಳ ಚೆನ್ನಾಗಿತ್ತು.